ಏಳು ಕಡ್ಡಿಯ ಅಂಕಿ: ಕಾಣುವುದು ಮತ್ತು ಇರುವುದು

ತರಕಾರಿ ಅಂಗಡಿಯ ತಕ್ಕಡಿ, ಆಟೋರಿಕ್ಷಾದ ಮೀಟರು, ಹಾಲಿನ ಸಂಘದ ಅಳತೆಯ ಯಂತ್ರ, ಬ್ಯಾಂಕಿನ ಟೋಕನ್ ಹಲಗೆ, ಕಾಲೇಜಿನ ಪ್ರಯೋಗಶಾಲೆಯ ವೋಲ್ಟ್‌ಮೀಟರು, ರೋಗಿಯ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು, ಇವುಗಳಲ್ಲೆಲ್ಲ ಕೆಂಪಾಗಿಯೋ ಹಸಿರಾಗಿಯೋ ಹೊಳೆಯುವ ಅಂಕಿಗಳನ್ನು ನಾವು ದಿನವೂ ಓದುತ್ತೇವೆ. ಓದಿದುದನ್ನು ನಂಬಿ ಹಣವನ್ನು ಎಣಿಸಿಕೊಡುತ್ತೇವೆ. ಪ್ರಯೋಗದ ಪುಸ್ತಕದಲ್ಲಿ ಬರೆದುಕೊಳ್ಳುತ್ತೇವೆ. ರೋಗಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕೆ ಬೇಡವೆ ಎಂಬುದನ್ನು ತೀರ್ಮಾನಿಸುತ್ತೇವೆ. ಆದರೆ ಇಂತಹ ಉಪಕರಣಗಳಲ್ಲಿ ಅನೇಕವು ಅಂಕಿಗಳನ್ನು ನಮಗೆ ಕಾಣುವಂತೆ ಬೆಳಗುವುದಿಲ್ಲ. ನಾಲ್ಕು ಅಂಕಿಗಳು ಒಟ್ಟಿಗೆ ಬೆಳಗುತ್ತಿವೆಯೆಂದು ಕಣ್ಣು ಹೇಳುವ ಗಳಿಗೆಯಲ್ಲಿ ವಾಸ್ತವವಾಗಿ ಬೆಳಗುತ್ತಿರುವುದು ಒಂದೇ ಒಂದು. ಉಳಿದ ಮೂರೂ ಆರಿರುತ್ತವೆ.

ಇದನ್ನು ಒಂದು ವಿನೋದವೆಂದು ತಳ್ಳಿಹಾಕುವುದು ಸುಲಭ. ನಮ್ಮ ಅಭಿಪ್ರಾಯ ಬೇರೆಯಾಗಿದೆ. ಅದನ್ನು ಮೊದಲೇ ಹೇಳಿಬಿಡುವುದು ಲೇಸು. ಈ ಅಂಕಿಗಳು ಹೇಗೆ ಹುಟ್ಟುತ್ತವೆಂಬುದನ್ನು ಅರಿಯದವನು ಅವುಗಳನ್ನು ಓದಬಲ್ಲನೇ ಹೊರತು ಪ್ರಶ್ನಿಸಲಾರ. ನಮ್ಮ ಪ್ರಯೋಗಶಾಲೆಗಳಲ್ಲಿ ಇಂದು ವಿದ್ಯಾರ್ಥಿಗಳು ಅಂಕಿಗಳನ್ನು ಹೊಳೆಯಿಸುವುದನ್ನು ಮಾತ್ರ ಕಲಿಯುತ್ತಿದ್ದಾರೆ. ಅವು ಯಾವಾಗ ಸುಳ್ಳಾಡುತ್ತವೆಂಬುದನ್ನು ಕಲಿಯುತ್ತಿಲ್ಲ. ಈ ಕೊರತೆಯನ್ನು ನೀಗಿಸುವುದಕ್ಕೆ ಹೆಚ್ಚಿನ ಹಣವಾಗಲಿ ಹೊಸ ಪಠ್ಯವಾಗಲಿ ಬೇಕಿಲ್ಲ. ಬೇಕಾದುದು ಸ್ವಲ್ಪ ನಿಧಾನ.

ಮೊದಲು ಅಂಕಿಯ ರಚನೆಯನ್ನು ನೋಡೋಣ. ಅಂಕಿಯ ಚೌಕಟ್ಟಿನಲ್ಲಿ ಏಳು ಕಡ್ಡಿಗಳಿವೆ. ಮೇಲಿನ ಅಡ್ಡಕಡ್ಡಿಗೆ ಎ ಎಂದು ಹೆಸರು. ಬಲಗಡೆಯಲ್ಲಿ ಮೇಲಿನದು ಬಿ, ಕೆಳಗಿನದು ಸಿ. ತಳದ ಅಡ್ಡಕಡ್ಡಿ ಡಿ. ಎಡಗಡೆಯಲ್ಲಿ ಕೆಳಗಿನದು ಇ, ಮೇಲಿನದು ಎಫ್. ನಡುವಿನ ಅಡ್ಡಕಡ್ಡಿ ಜಿ. ಬಿ ಮತ್ತು ಸಿ ಹೊತ್ತಿದರೆ 1 ಆಯಿತು. ಅವುಗಳಿಗೆ ಎ ಸೇರಿದರೆ 7. ಜಿ ಒಂದನ್ನುಳಿದು ಮಿಕ್ಕೆಲ್ಲವೂ ಹೊತ್ತಿದರೆ 0. ಏಳೂ ಹೊತ್ತಿದರೆ 8. ಕಡ್ಡಿಗಳನ್ನು ಕೂಡಿಸಿ ಅಂಕಿಯನ್ನು ಬರೆಯುವ ಉಪಾಯ ಎಲ್‌ಇಡಿಗಿಂತ ಬಹಳ ಹಳೆಯದು. ಅಮೆರಿಕದಲ್ಲಿ ವುಡ್ ಎಂಬಾತನಿಗೆ 1910ರಲ್ಲಿ ದೊರೆತ ಪೇಟೆಂಟಿನಲ್ಲಿ ಎಂಟು ಕಡ್ಡಿಗಳಿದ್ದುವು. 4ನ್ನು ಬರೆಯುವುದಕ್ಕೆ ಆತ ಒಂದು ಓರೆ ಕಡ್ಡಿಯನ್ನು ಸೇರಿಸಿದ್ದನು. ಈ ಉಪಾಯ ನಡೆಯುವುದು ನೆಟ್ಟಗೆರೆಗಳಿಗೆ ಒಗ್ಗುವ ಅಂಕಿಗಳಿಗೆ ಮಾತ್ರ. ಬಾಗಿ ಬಳುಕುವ ನಮ್ಮ ಕನ್ನಡದ ಅಂಕಿಗಳನ್ನು ಏಳು ಕಡ್ಡಿಗಳಲ್ಲಿ ಹಿಡಿಯಲಾಗದು. ಅವಕ್ಕೆ ಚುಕ್ಕಿಗಳ ಹಲಗೆಯೇ ಬೇಕು.

ಪ್ರತಿಯೊಂದು ಕಡ್ಡಿಯ ಹಿಂದೆಯೂ ಒಂದು ಎಲ್‌ಇಡಿ ಇರುತ್ತದೆ. ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿ ನಿಕ್ ಹೊಲೋನ್ಯಾಕ್ 1962ರಲ್ಲಿ ಕಣ್ಣಿಗೆ ಕಾಣುವ ಕೆಂಪು ಬೆಳಕನ್ನು ಬೀರುವ ಎಲ್‌ಇಡಿಯನ್ನು ತಯಾರಿಸಿದ ಮೇಲೆ ಹತ್ತು ವರ್ಷಗಳಲ್ಲಿ ಅದು ಅಂಕಿಗಳ ರೂಪದಲ್ಲಿ ಜನರ ಜೇಬಿಗೆ ಬಂದಿತು. 1972ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆ ಹೊರತಂದ ಎಚ್‌ಪಿ 35 ಎಂಬ ಗಣಕಯಂತ್ರದಲ್ಲಿ ಅಂತಹ 15 ಸ್ಥಾನಗಳಿದ್ದುವು. ಇಲ್ಲಿಯೇ ನಮ್ಮ ಸಮಸ್ಯೆ ಎದುರಾಗುತ್ತದೆ. ಒಂದು ಸ್ಥಾನಕ್ಕೆ ಏಳು ಕಡ್ಡಿ, ದಶಮಾಂಶದ ಚುಕ್ಕಿ ಒಂದು, ಒಟ್ಟು ಎಂಟು ದೀಪ. ಪ್ರತಿಯೊಂದು ದೀಪಕ್ಕೂ ಬೇರೆ ಬೇರೆ ತಂತಿಯನ್ನು ಎಳೆದರೆ 15 ಸ್ಥಾನಗಳಿಗೆ 120 ತಂತಿಗಳಾದುವು. ಅಂಗೈಯಲ್ಲಿ ಹಿಡಿಯುವ ಯಂತ್ರದಲ್ಲಿ ಅಷ್ಟು ತಂತಿಗಳಿಗೆ ಎಡೆಯೆಲ್ಲಿ?

ಪರಿಹಾರವನ್ನು ನಮ್ಮ ಊಟದ ಪಂಕ್ತಿಯಲ್ಲಿ ಕಾಣಬಹುದು. ಎಂಟು ಮಂದಿ ಕುಳಿತಿದ್ದಾರೆ, ಬಡಿಸುವವನು ಒಬ್ಬನೇ. ಅವನು ಒಂದೊಂದು ಎಲೆಯ ಮುಂದೆಯೂ ನಿಂತು, ಆಯಾ ಮನುಷ್ಯನಿಗೆ ಬೇಕಾದುದನ್ನು ಬಡಿಸಿ ಮುಂದೆ ಸಾಗುತ್ತಾನೆ. ಮೊದಲನೆಯವನ ಎಲೆ ಬರಿದಾಗುವುದರೊಳಗೆ ಅವನು ಮತ್ತೆ ಬಂದುಬಿಟ್ಟರೆ, ಬಡಿಸುವವನು ಒಬ್ಬನೇ ಎಂಬುದು ಯಾರ ಗಮನಕ್ಕೂ ಬರುವುದಿಲ್ಲ. ಅಂಕಿಗಳಲ್ಲಿಯೂ ಹಾಗೆಯೇ. ಎಲ್ಲ ಸ್ಥಾನಗಳ ಎ ಕಡ್ಡಿಗಳನ್ನು ಒಂದೇ ತಂತಿಗೆ ಕಟ್ಟುತ್ತಾರೆ. ಎಲ್ಲ ಬಿ ಕಡ್ಡಿಗಳನ್ನು ಇನ್ನೊಂದಕ್ಕೆ. ಹೀಗೆ ಎಂಟು ಕಡ್ಡಿತಂತಿಗಳು. ಒಂದು ಸ್ಥಾನದ ಎಂಟು ದೀಪಗಳ ಕ್ಯಾಥೋಡ್‌ಗಳನ್ನೆಲ್ಲ ಕೂಡಿಸಿ ಆ ಸ್ಥಾನಕ್ಕೆ ಒಂದು ಸ್ಥಾನತಂತಿ. ಕಡ್ಡಿತಂತಿಗಳ ಮೇಲೆ 7ರ ಆಕಾರವನ್ನಿಟ್ಟು ಮೂರನೆಯ ಸ್ಥಾನತಂತಿಯನ್ನು ಮಾತ್ರ ತೆರೆದರೆ ಮೂರನೆಯ ಸ್ಥಾನದಲ್ಲಿ 7 ಬೆಳಗುತ್ತದೆ. ಮರುಕ್ಷಣದಲ್ಲಿ ಅದನ್ನು ಆರಿಸಿ, ನಾಲ್ಕನೆಯ ಸ್ಥಾನದ ಆಕಾರವನ್ನಿಟ್ಟು ನಾಲ್ಕನೆಯದನ್ನು ತೆರೆಯಬೇಕು. ಎಂಟು ಸ್ಥಾನಗಳಿಗೆ 64 ತಂತಿಗಳು ಬೇಕಾಗಿದ್ದಲ್ಲಿ ಈಗ 16 ಸಾಕು. 15 ಸ್ಥಾನಗಳಿಗೆ 120ರ ಬದಲು 23. ಇದಕ್ಕೆ ಮಲ್ಟಿಪ್ಲೆಕ್ಸಿಂಗ್ ಎಂದು ಹೆಸರು. ನಾವು ಇದನ್ನು ಸರದಿ ಪದ್ಧತಿ ಎಂದು ಕರೆಯೋಣ.

ಸರದಿಯ ಮೋಸವನ್ನು ಒಪ್ಪಿಕೊಳ್ಳುವುದು ನಮ್ಮ ಕಣ್ಣು. ಕತ್ತಲಲ್ಲಿ ಉರಿಯುವ ಕೊಳ್ಳಿಯನ್ನು ಗಿರ್ರನೆ ತಿರುಗಿಸಿದರೆ ಬೆಂಕಿಯ ಬಳೆಯೊಂದು ಕಾಣುತ್ತದೆಂಬುದನ್ನು ನಮ್ಮ ಹಿಂದಿನವರು ಚೆನ್ನಾಗಿ ಬಲ್ಲವರಾಗಿದ್ದರು. ಗೌಡಪಾದರ ಮಾಂಡೂಕ್ಯಕಾರಿಕೆಯ ನಾಲ್ಕನೆಯ ಪ್ರಕರಣಕ್ಕೆ ಅಲಾತಶಾಂತಿ ಎಂಬ ಹೆಸರು ಬಂದುದು ಈ ಕೊಳ್ಳಿಯ ದೃಷ್ಟಾಂತದಿಂದಲೇ. ಬಳೆ ಕಾಣುತ್ತದೆ, ಇರುವುದು ಕೊಳ್ಳಿಯ ತುದಿ ಮಾತ್ರ. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಬೆಲ್ಜಿಯಮಿನ ಪ್ಲಾಟೋ ಮತ್ತು ಇಂಗ್ಲೆಂಡಿನ ಟಾಲ್ಬಟ್ ಇದಕ್ಕೊಂದು ಲೆಕ್ಕವನ್ನು ಕೊಟ್ಟರು. ಬೆಳಕು ಸಾಕಷ್ಟು ಬೇಗಬೇಗನೆ ಹೊತ್ತಿ ಆರುತ್ತಿದ್ದರೆ ಕಣ್ಣಿಗೆ ಅದು ಎಡೆಬಿಡದ ಬೆಳಕಿನಂತೆಯೇ ತೋರುತ್ತದೆ. ತೋರುವ ಪ್ರಖರತೆ ಆ ಬೆಳಕಿನ ಕಾಲಾವಧಿಯ ಸರಾಸರಿಗೆ ಸಮವಾಗಿರುತ್ತದೆ. ಎಂದರೆ ಎಂಟರಲ್ಲಿ ಒಂದು ಪಾಲು ಕಾಲ ಮಾತ್ರ ಉರಿಯುವ ದೀಪ, ಸದಾ ಉರಿಯುವ ಅದೇ ದೀಪದ ಎಂಟನೆಯ ಒಂದು ಪಾಲು ಪ್ರಖರವಾಗಿ ಕಾಣುತ್ತದೆ.

ಸಾಕಷ್ಟು ಬೇಗ ಎಂದರೆ ಎಷ್ಟು? ಸಾಧಾರಣ ಬೆಳಕಿನಲ್ಲಿ ಸೆಕೆಂಡಿಗೆ 50-60 ಸಲ ಹೊತ್ತಿ ಆರುವ ದೀಪ ಹೆಚ್ಚಿನವರಿಗೆ ಮಿಣುಕದೆ ಕಾಣುತ್ತದೆ. ದೀಪದ ಪ್ರಖರತೆ ಹೆಚ್ಚಿದಷ್ಟೂ ಈ ಎಲ್ಲೆ ಮೇಲೇರುತ್ತದೆ. ಕಣ್ಣು ನಿಶ್ಚಲವಾಗಿರದೆ ಹೊರಳಿದಾಗಲಂತೂ ಇದಕ್ಕಿಂತ ವೇಗವಾದ ಮಿಣುಕೂ ಬಯಲಾಗುತ್ತದೆ. ವಾಚಕರು ಇದನ್ನು ತಾವೇ ನೋಡಬಹುದು. ಕತ್ತಲೆಯ ಕೋಣೆಯಲ್ಲಿ ಸರದಿ ಪದ್ಧತಿಯ ಕೆಂಪಂಕಿಗಳ ಗಡಿಯಾರವೊಂದಿದ್ದರೆ, ನೋಟವನ್ನು ಗೋಡೆಯ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಸರ್ರನೆ ಹಾಯಿಸಬೇಕು. ಅಂಕಿಗಳು ಒಡೆದು ಚೆಲ್ಲಿದಂತೆ ತೋರುತ್ತವೆ. ಮೊಬೈಲ್ ಫೋನಿನ ಕ್ಯಾಮೆರಾ ಇನ್ನೂ ಒಳ್ಳೆಯ ಸಾಕ್ಷಿ. ಅದು ಅತ್ಯಲ್ಪ ಕಾಲ ಮಾತ್ರ ಕಣ್ತೆರೆಯುವುದರಿಂದ ಚಿತ್ರದಲ್ಲಿ ಕೆಲವು ಅಂಕಿಗಳು ಉರಿಯುತ್ತಿದ್ದು ಕೆಲವು ಕಾಣದೆ ಹೋಗುವುದುಂಟು. ಕ್ಯಾಮೆರಾ ಕೆಟ್ಟಿದೆಯೆಂದು ದೂರುವವರೂ ಇದ್ದಾರೆ. ವಾಸ್ತವವಾಗಿ ಆ ಹೊತ್ತಿನಲ್ಲಿ ನಿಜವನ್ನು ಕಂಡದ್ದು ಕ್ಯಾಮೆರಾವೇ.

ಈ ಪದ್ಧತಿಯಿಂದ ವಿದ್ಯುತ್ತು ಉಳಿಯುತ್ತದೆಂದು ಅನೇಕ ವಿದ್ಯಾರ್ಥಿಗಳು ನಂಬಿದ್ದಾರೆ. ಆ ನಂಬಿಕೆ ಸರಿಯಲ್ಲ. ಬಡಿಸುವವನು ಒಬ್ಬೊಬ್ಬರ ಮುಂದೆ ಸ್ವಲ್ಪವೇ ಹೊತ್ತು ನಿಲ್ಲುತ್ತಾನಾದುದರಿಂದ ಅವನ ಸೌಟು ದೊಡ್ಡದಾಗಿರಬೇಕಷ್ಟೆ. ಒಂದು ಕಡ್ಡಿ ಚೆನ್ನಾಗಿ ಕಾಣುವುದಕ್ಕೆ ಸರಾಸರಿ 5 ಮಿಲಿ ಆಂಪಿಯರ್ ಪ್ರವಾಹ ಬೇಕೆನ್ನೋಣ. ಎಂಟು ಸ್ಥಾನಗಳ ಸರದಿಯಲ್ಲಿ ಅದು ಉರಿಯುವುದು ಎಂಟರಲ್ಲಿ ಒಂದು ಪಾಲು ಕಾಲ. ಆದುದರಿಂದ ಉರಿಯುವಾಗ 40 ಮಿಲಿ ಆಂಪಿಯರ್ ಹರಿಯಬೇಕು. ಚುಕ್ಕಿಯೊಡನೆ 8 ಬೆಳಗುವಾಗ ಎಂಟು ದೀಪಗಳ ಪ್ರವಾಹವೂ ಒಂದೇ ಸ್ಥಾನತಂತಿಯಲ್ಲಿ ಕೂಡುತ್ತದೆ: 320 ಮಿಲಿ ಆಂಪಿಯರ್. ವಿದ್ಯಾರ್ಥಿಗಳು ಹೆಚ್ಚಾಗಿ ಬಳಸುವ ಎಟಿಮೆಗಾ 328ಪಿ ಎಂಬ ನಿಯಂತ್ರಕ ಚಿಪ್ಪಿನ ಒಂದು ಕಾಲಿನಲ್ಲಿ 40 ಮಿಲಿ ಆಂಪಿಯರಿಗಿಂತ ಹೆಚ್ಚು ಹರಿಯಕೂಡದು. ಸ್ಥಾನತಂತಿಯನ್ನು ನೇರವಾಗಿ ಅದಕ್ಕೆ ಕಟ್ಟುವುದು, ಎತ್ತಿನ ಹೊರೆಯನ್ನು ಕರುವಿನ ಮೇಲೆ ಹೇರಿದಂತೆ. ನಡುವೆ ಟ್ರಾನ್ಸಿಸ್ಟರ್ ಇರಲೇಬೇಕು.

ರೋಧಕವನ್ನು ಎಲ್ಲಿಡಬೇಕೆಂಬುದೂ ಮುಖ್ಯವೇ. ರೋಧಕಗಳನ್ನು ಉಳಿಸುವ ಆಸೆಯಿಂದ ಕೆಲವರು ಕಡ್ಡಿಗೊಂದರಂತೆ ಇಡದೆ, ಸ್ಥಾನತಂತಿಯಲ್ಲಿ ಒಂದನ್ನೇ ಇಡುತ್ತಾರೆ. ಆಗ ಆ ಒಂದು ರೋಧಕದ ಮೂಲಕ ಬರುವ ಪ್ರವಾಹವನ್ನು 1 ಎಂಬ ಅಂಕಿಯ ಎರಡು ಕಡ್ಡಿಗಳು ಹಂಚಿಕೊಳ್ಳುತ್ತವೆ; 8ರಲ್ಲಿ ಅದನ್ನೇ ಏಳು ಕಡ್ಡಿಗಳು ಹಂಚಿಕೊಳ್ಳಬೇಕು. 1 ಕಣ್ಣು ಕುಕ್ಕುವಂತೆ ಉರಿಯುತ್ತದೆ. 8 ಮಂಕಾಗಿ ಮಿನುಗುತ್ತದೆ. ಓಮನ ನಿಯಮವನ್ನು ಹತ್ತು ಸಲ ಬಾಯಿಪಾಠ ಮಾಡಿದವನಿಗಿಂತ ಈ 1 ಮತ್ತು 8ನ್ನು ಒಮ್ಮೆ ಕಂಡು ಕಾರಣವನ್ನು ಯೋಚಿಸಿದವನು ಅದನ್ನು ಹೆಚ್ಚು ಬಲ್ಲನು.

ಇನ್ನೊಂದು ತೊಡಕು ನೆರಳಂಕಿ. ಮೂರನೆಯ ಸ್ಥಾನ ಪೂರ್ಣವಾಗಿ ಆರುವ ಮೊದಲೇ ನಾಲ್ಕನೆಯದರ ಆಕಾರವನ್ನು ಕಡ್ಡಿತಂತಿಗಳ ಮೇಲಿಟ್ಟರೆ, ಆ ಆಕಾರ ಒಂದು ಕ್ಷಣ ಮೂರನೆಯ ಸ್ಥಾನದಲ್ಲಿಯೂ ಬೆಳಗುತ್ತದೆ. ಟ್ರಾನ್ಸಿಸ್ಟರು ಹೇಳಿದ ಕೂಡಲೆ ಆರುವುದಿಲ್ಲ. ಅದಕ್ಕೆ ಕೆಲವು ಮೈಕ್ರೋಸೆಕೆಂಡುಗಳಾದರೂ ಬೇಕು. ಸೆಕೆಂಡಿಗೆ ನೂರಾರು ಸಲ ಮರುಕಳಿಸುವ ಈ ಕ್ಷಣಗಳು ಸೇರಿ, ಪ್ರತಿ ಅಂಕಿಯ ಹಿಂದೆಯೂ ನೆರೆಯ ಅಂಕಿಯ ಮಸಕು ನೆರಳನ್ನು ತೋರಿಸುತ್ತವೆ. ಪರಿಹಾರ ಕ್ರಮದಲ್ಲಿದೆ: ಮೊದಲು ಆರಿಸು, ಸ್ವಲ್ಪ ತಾಳು, ಆಕಾರವನ್ನು ಬದಲಿಸು, ಅನಂತರ ಮುಂದಿನ ಸ್ಥಾನವನ್ನು ತೆರೆ.

ಸರದಿ, ವೇಗ, ಪ್ರವಾಹ, ಕ್ರಮ, ಈ ನಾಲ್ಕು ಹೊಣೆಗಳನ್ನೂ ಹೊತ್ತುಕೊಳ್ಳುವುದಕ್ಕೆ ಹುಟ್ಟಿದುದೇ ಡ್ರೈವರ್ ಚಿಪ್. ಮ್ಯಾಕ್ಸಿಮ್ ಸಂಸ್ಥೆ ತಯಾರಿಸಿದ, 2021ರಿಂದ ಅನಲಾಗ್ ಡಿವೈಸಸ್ ಸಂಸ್ಥೆಗೆ ಸೇರಿದ ಮ್ಯಾಕ್ಸ್ 7219 ಎಂಬುದನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದಕ್ಕೆ 24 ಕಾಲುಗಳು. ಎಂಟು ಸ್ಥಾನಗಳನ್ನು, ಎಂದರೆ 64 ದೀಪಗಳನ್ನು ಇದು ನೋಡಿಕೊಳ್ಳುತ್ತದೆ. ನಿಯಂತ್ರಕದಿಂದ ಇದಕ್ಕೆ ಬರುವ ಸಂಕೇತದ ತಂತಿಗಳು ಮೂರೇ: ಒಂದರಲ್ಲಿ ಮಾಹಿತಿ, ಒಂದರಲ್ಲಿ ತಾಳ, ಒಂದರಲ್ಲಿ ಮುಕ್ತಾಯದ ಗುರುತು. ಒಂದೊಂದು ಆಜ್ಞೆಯೂ 16 ಬಿಟ್ಟುಗಳ ಸಾಲು. ಮೊದಲ ನಾಲ್ಕಕ್ಕೆ ಅರ್ಥವಿಲ್ಲ. ಮುಂದಿನ ನಾಲ್ಕು ವಿಳಾಸ. ಕೊನೆಯ ಎಂಟು ವಿಷಯ. ಮೂರನೆಯ ಸ್ಥಾನದಲ್ಲಿ 7ನ್ನು ತೋರಿಸಬೇಕಾದರೆ 0000 0011 0000 0111 ಎಂದು ಕಳುಹಿಸಬೇಕು. 0011 ಎಂಬುದು ಮೂರನೆಯ ಮನೆ. 0111 ಎಂಬುದು ಏಳು. 7 ಎಂದರೆ ಎ, ಬಿ, ಸಿ ಕಡ್ಡಿಗಳು ಎಂಬ ಅನುವಾದವನ್ನು, ಹಾಗೆಂದು ಮೊದಲೇ ತಿಳಿಸಿದ್ದರೆ, ಚಿಪ್ಪು ತಾನೇ ಮಾಡಿಕೊಳ್ಳುತ್ತದೆ.

ಮುಖ್ಯವಾದ ಸಂಗತಿ ಇದರ ಮುಂದಿನದು. ಚಿಪ್ಪು ಈ ಆಜ್ಞೆಯನ್ನು ತನ್ನೊಳಗಿನ ಸ್ಮರಣೆಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ಅಲ್ಲಿಂದ ಮುಂದೆ ನಿಯಂತ್ರಕ ಏನು ಮಾಡುತ್ತಿದ್ದರೂ, ಚಿಪ್ಪು ತನ್ನದೇ ಗಡಿಯಾರದ ತಾಳಕ್ಕೆ ಎಂಟು ಸ್ಥಾನಗಳನ್ನು ಸುತ್ತುತ್ತಲೇ ಇರುತ್ತದೆ. ವೇಗ ಸುಮಾರು ಸೆಕೆಂಡಿಗೆ 800 ಸುತ್ತು. ಎಂದರೆ ಒಂದು ಸುತ್ತಿಗೆ 1.25 ಮಿಲಿ ಸೆಕೆಂಡು. ಒಂದು ಸ್ಥಾನದ ಪಾಲಿಗೆ ಸುಮಾರು 156 ಮೈಕ್ರೋಸೆಕೆಂಡು. ಈ ಸ್ವಂತ ತಾಳ ಬರಿಯ ಅನುಕೂಲವಲ್ಲ, ರಕ್ಷಣೆಯೂ ಹೌದು. ನಿಯಂತ್ರಕವೇ ಸರದಿಯನ್ನು ನಡೆಸುತ್ತಿರುವಾಗ ಪ್ರೋಗ್ರಾಮು ನಡುವೆ ಸ್ತಬ್ಧವಾದರೆ, ಒಂದೇ ಸ್ಥಾನ ತೆರೆದೇ ಉಳಿಯುತ್ತದೆ. ಕ್ಷಣಮಾತ್ರಕ್ಕೆಂದು ಕೊಟ್ಟ 40 ಮಿಲಿ ಆಂಪಿಯರ್ ನಿರಂತರವಾಗಿ ಹರಿದು ದೀಪಗಳು ಕಾಯ್ದು ಹಾಳಾಗುತ್ತವೆ. ಕಡ್ಡಿಯ ಪ್ರವಾಹವನ್ನು ಗೊತ್ತುಪಡಿಸುವುದಕ್ಕೆ ಇಲ್ಲಿ ಎಂಟು ರೋಧಕಗಳೂ ಬೇಡ. ಒಂದೇ ರೋಧಕ ಸಾಕು. ಅದರಲ್ಲಿ ಹರಿಯುವ ಪ್ರವಾಹದ ಸುಮಾರು ನೂರರಷ್ಟನ್ನು ಚಿಪ್ಪು ಪ್ರತಿ ಕಡ್ಡಿಗೂ ಒದಗಿಸುತ್ತದೆ. 1 ಆಗಲಿ 8 ಆಗಲಿ ಕಡ್ಡಿಗಳ ಹೊಳಪು ಒಂದೇ. ಹೊಳಪನ್ನು ತಗ್ಗಿಸಬೇಕಾದರೆ ಪ್ರವಾಹವನ್ನು ಮುಟ್ಟದೆ, ಆ 156 ಮೈಕ್ರೋಸೆಕೆಂಡಿನಲ್ಲಿ ಎಷ್ಟು ಭಾಗ ಉರಿಯಬೇಕೆಂಬುದನ್ನು ಬದಲಿಸುತ್ತದೆ: 32ರಲ್ಲಿ 1 ಪಾಲಿನಿಂದ 32ರಲ್ಲಿ 31 ಪಾಲಿನವರೆಗೆ, 16 ಮೆಟ್ಟಿಲುಗಳು. ಟಾಲ್ಬಟ್ ಮತ್ತು ಪ್ಲಾಟೋ ಅವರ ನಿಯಮ ಇಲ್ಲಿ ಒಂದು ಚೂರು ಸಿಲಿಕಾನಿನಲ್ಲಿ ಕುಳಿತು ಕೆಲಸ ಮಾಡುತ್ತಿದೆ.

ಇಷ್ಟು ಸೊಗಸಾದ ವಸ್ತುವಿನಿಂದಲೇ ನಾವು ಹೇಳಬೇಕೆಂದಿರುವ ಹಾನಿಯೂ ಹುಟ್ಟಿದೆ. ಇಂದು ವಿದ್ಯಾರ್ಥಿ ಈ ಚಿಪ್ಪನ್ನು ಕೂರಿಸಿದ ಸಿದ್ಧ ಹಲಗೆಯನ್ನು ಕೊಳ್ಳುತ್ತಾನೆ, ಬೇರೆಯವರು ಬರೆದ ಪ್ರೋಗ್ರಾಮನ್ನು ಇಳಿಸಿಕೊಂಡು ಮೂರು ನಾಲ್ಕು ಸಾಲುಗಳನ್ನು ಸೇರಿಸುತ್ತಾನೆ, ಅಂಕಿಗಳು ಬೆಳಗುತ್ತವೆ, ಪರೀಕ್ಷಕರು ಅಂಕಗಳನ್ನು ಕೊಡುತ್ತಾರೆ. ಈಗ ಎಷ್ಟು ಅಂಕಿಗಳು ಉರಿಯುತ್ತಿವೆ ಎಂದು ಕೇಳಿದರೆ ಎಂಟು ಎಂದೇ ಉತ್ತರ. ಕಣ್ಣು ಕೊಟ್ಟ ಉತ್ತರವನ್ನು ವಿಜ್ಞಾನದ ವಿದ್ಯಾರ್ಥಿ ಹಾಗೆಯೇ ಒಪ್ಪಿಸುವುದಾದರೆ, ಪ್ರಯೋಗಶಾಲೆಗೆ ಬಂದುದರಿಂದ ಆದ ಲಾಭವೇನು?

ಇದಕ್ಕೊಂದು ಆಕ್ಷೇಪಣೆ ಉಂಟು, ಅದು ತೂಕವುಳ್ಳದ್ದೇ. ಕೈಗಡಿಯಾರವನ್ನು ಕಟ್ಟಿಕೊಂಡವನು ಅದರ ಚಕ್ರಗಳನ್ನು ಬಿಚ್ಚಿ ನೋಡಿರಬೇಕೆ? ಚಿಪ್ಪನ್ನು ತಯಾರಿಸಿದವರು ನಮ್ಮ ಶ್ರಮವನ್ನು ಉಳಿಸುವುದಕ್ಕೆಂದೇ ಅದನ್ನು ತಯಾರಿಸಿದರು. ಉಳಿದ ಹೊತ್ತನ್ನು ಇನ್ನೂ ದೊಡ್ಡ ಕೆಲಸಕ್ಕೆ ಬಳಸಬಾರದೆ? ಬಳಸಬೇಕು. ಪ್ರತಿ ಸಲವೂ ಟ್ರಾನ್ಸಿಸ್ಟರುಗಳಿಂದಲೇ ಕಟ್ಟಿರೆಂದು ನಾವು ಹೇಳುತ್ತಿಲ್ಲ. ಆದರೆ ಗಡಿಯಾರ ನಿಂತರೆ ನಿಂತದ್ದು ತಿಳಿಯುತ್ತದೆ. ಏಳು ಕಡ್ಡಿಯ ಅಂಕಿ ಕೆಟ್ಟಾಗ ಕೆಟ್ಟದ್ದು ತಿಳಿಯದೆ ಹೋಗಬಹುದು. ಈ ಒಂದು ವ್ಯತ್ಯಾಸದಿಂದಲೇ ಆ ಆಕ್ಷೇಪಣೆ ಇಲ್ಲಿ ಸಲ್ಲುವುದಿಲ್ಲ.

ಹೇಗೆಂಬುದನ್ನು ಲೆಕ್ಕ ಹಾಕಿ ನೋಡೋಣ. ತಲೆಯಲ್ಲಿ ಎ ಕಡ್ಡಿಯುಳ್ಳ 6, ತಳದಲ್ಲಿ ಡಿ ಕಡ್ಡಿಯುಳ್ಳ 9, ಮೂರು ಕಡ್ಡಿಯ 7, ಇವುಗಳನ್ನು ಇಟ್ಟುಕೊಂಡರೆ 0ಯಿಂದ 9ರವರೆಗಿನ ಹತ್ತು ಅಂಕಿಗಳಲ್ಲಿ ಉರಿಯುವ ಕಡ್ಡಿಗಳ ಮೊತ್ತ 49. ಒಂದು ಸಲಕ್ಕೆ ಒಂದೇ ಕಡ್ಡಿ ಸತ್ತಿತೆಂದು ಭಾವಿಸಿದರೆ ಅಂಕಿ ಕೆಡುವ ಬಗೆಗಳು 49. ಇವುಗಳಲ್ಲಿ 42 ಬಗೆಗಳಲ್ಲಿ ಅಂಕಿ ಮುರಿದು ವಿಕಾರವಾಗಿ ಕಾಣುತ್ತದೆ, ನೋಡಿದವನು ಎಚ್ಚರಗೊಳ್ಳುತ್ತಾನೆ. ಉಳಿದ ಏಳು ಬಗೆಗಳಲ್ಲಿ ಹಾಗಾಗುವುದಿಲ್ಲ. ಒಂದು ಅಂಕಿ ಇನ್ನೊಂದು ಸುಂದರವಾದ ಅಂಕಿಯಾಗುತ್ತದೆ. 8ರಲ್ಲಿ ಜಿ ಸತ್ತರೆ 0; ಬಿ ಸತ್ತರೆ 6; ಇ ಸತ್ತರೆ 9. 9ರಲ್ಲಿ ಎಫ್ ಸತ್ತರೆ 3. ಬಿ ಸತ್ತರೆ 5. 6ರಲ್ಲಿ ಇ ಸತ್ತರೆ 5. 7ರಲ್ಲಿ ಎ ಸತ್ತರೆ 1. ಏಳರಲ್ಲಿ ಒಂದು ಪಾಲು ದೋಷಗಳು ಹೀಗೆ ಮೌನವಾಗಿ ಬರುತ್ತವೆ.

ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನು ಎತ್ತಿಕೊಳ್ಳಿರಿ. 2020 ಮತ್ತು 2021ರ ಕೊರೋನಾ ಕಾಲದಲ್ಲಿ ಇದು ಅನೇಕ ಮನೆಗಳನ್ನು ಹೊಕ್ಕಿತು. ಆರೋಗ್ಯವಂತರಲ್ಲಿ ಸಾಮಾನ್ಯವಾಗಿ 95ಕ್ಕಿಂತ ಮೇಲಿರುವ ಅಂಕಿ 90ರ ಕೆಳಗಿಳಿದರೆ ತಡಮಾಡದೆ ವೈದ್ಯರ ನೆರವನ್ನು ಪಡೆಯಬೇಕು. ಹತ್ತರ ಸ್ಥಾನದ ಇ ಕಡ್ಡಿಯೊಂದೇ ಸತ್ತಿದೆಯೆನ್ನೋಣ. ಆರೋಗ್ಯವಾಗಿರುವ ದಿನಗಳಲ್ಲೆಲ್ಲ ಆ ಸ್ಥಾನದಲ್ಲಿ ಇರುವುದು 9. 9ಕ್ಕೆ ಇ ಕಡ್ಡಿ ಬೇಕೇ ಇಲ್ಲ. ಹೀಗಾಗಿ 96, 97, 98 ಎಲ್ಲವೂ ನಿರ್ದುಷ್ಟವಾಗಿ ಕಾಣುತ್ತವೆ; ದೋಷ ತಿಂಗಳುಗಟ್ಟಲೆ ಅಡಗಿರುತ್ತದೆ. ಒಂದು ದಿನ ಅಂಕಿ ನಿಜವಾಗಿ 88ಕ್ಕೆ ಇಳಿದಾಗ ಹತ್ತರ ಸ್ಥಾನದ 8 ತನ್ನ ಇ ಕಡ್ಡಿಯನ್ನು ಕಳೆದುಕೊಂಡು 9 ಆಗುತ್ತದೆ. ಪರದೆಯ ಮೇಲೆ 98 ಹೊಳೆಯುತ್ತದೆ. ಆರೋಗ್ಯದ ದಿನಗಳಲ್ಲೆಲ್ಲ ನಿಜ ಹೇಳಿದ ಯಂತ್ರ, ಅಪಾಯದ ದಿನವೊಂದರಂದೇ ಸುಳ್ಳು ಹೇಳುತ್ತದೆ! ಬೆಳಕಿಲ್ಲದ ದ್ರವಸ್ಫಟಿಕದ ಅಂಕಿಗಳಿಗೂ ಈ ಮಾತು ಸಲ್ಲುತ್ತದೆ. ಅವಕ್ಕೂ ಏಳೇ ಕಡ್ಡಿಗಳು. ರಕ್ತದೊತ್ತಡದ ಯಂತ್ರದಲ್ಲಿ ಹತ್ತರ ಸ್ಥಾನದ ಜಿ ಕಡ್ಡಿ ಸತ್ತಿದ್ದರೆ 180 ಎಂಬುದು 100 ಎಂದು ಕಾಣುತ್ತದೆ.

ಚಿಪ್ಪಾದರೂ ಇದನ್ನು ಹಿಡಿಯುವುದೆ? ಕೆಲವು ಹೊಸ ಚಿಪ್ಪುಗಳಲ್ಲಿ ಕಡಿದ ದೀಪವನ್ನು ಪತ್ತೆಹಚ್ಚುವ ಏರ್ಪಾಡಿದೆ. ಮ್ಯಾಕ್ಸ್ 7219ರಲ್ಲಿ ಅದಿಲ್ಲ. ಸತ್ತ ಕಡ್ಡಿಗೂ ಅದು ನಿಷ್ಠೆಯಿಂದ ಸರದಿ ಕೊಡುತ್ತಲೇ ಇರುತ್ತದೆ. ಬೆಳಕು ಬಂದಿತೆ ಎಂದು ಹಿಂದಿರುಗಿ ನೋಡುವುದಿಲ್ಲ. ಆದರೆ ಅದನ್ನು ರಚಿಸಿದವರು ಮನುಷ್ಯನ ಕಣ್ಣಿಗೆ ಒಂದು ಅವಕಾಶವನ್ನಿಟ್ಟಿದ್ದಾರೆ. 15ನೆಯ ವಿಳಾಸಕ್ಕೆ 1 ಎಂದು ಬರೆದರೆ, ಸ್ಮರಣೆಯಲ್ಲಿದ್ದ ಅಂಕಿಗಳು ಅಳಿಯದೆ, ಎಲ್ಲ ದೀಪಗಳೂ ಹೊತ್ತಿಕೊಳ್ಳುತ್ತವೆ. ಒಂದೇ ಸ್ಥಾನವನ್ನು ನಡೆಸುವ 7447 ಎಂಬ ಹಳೆಯ ಚಿಪ್ಪಿನಲ್ಲಿಯೂ ಇಂತಹ ದೀಪಪರೀಕ್ಷೆಗೆಂದು ಒಂದು ಕಾಲನ್ನು ಮೀಸಲಿಟ್ಟಿದ್ದರು. ಎಷ್ಟೋ ಉಪಕರಣಗಳು ಚಾಲೂ ಆದೊಡನೆ 8888 ಎಂದು ಒಂದು ಗಳಿಗೆ ತೋರಿಸುವುದು ಇದಕ್ಕಾಗಿಯೇ. ಅದು ಅಲಂಕಾರವೆಂದು ಭಾವಿಸಿ ನಾವು ಆಚೆ ನೋಡುತ್ತೇವೆ. ಅದು ಯಂತ್ರ ತನ್ನ ಎಲ್ಲ ಹಲ್ಲುಗಳನ್ನೂ ತೆರೆದು ತೋರಿಸುವ ಗಳಿಗೆ, ಎಣಿಸಿಕೊಳ್ಳಬೇಕಾದವರು ನಾವು.

ಸರದಿ ಪದ್ಧತಿಯನ್ನು ಅರಿತವನಿಗೆ ದೋಷದ ಮೂಲವೂ ಕಾಣುತ್ತದೆ. ಒಂದೇ ಕಡ್ಡಿ ಎಲ್ಲ ಸ್ಥಾನಗಳಲ್ಲಿಯೂ ಕಾಣದಿದ್ದರೆ ಕಡ್ಡಿತಂತಿ ಕಡಿದಿದೆ, ಇಲ್ಲವೆ ಚಿಪ್ಪಿನ ಆ ಕಾಲು ಕೆಟ್ಟಿದೆ. ಒಂದು ಸ್ಥಾನವೇ ಪೂರ್ತಿ ಕತ್ತಲಾಗಿದ್ದರೆ ಸ್ಥಾನತಂತಿಯನ್ನು ನೋಡಬೇಕು. ಒಂದು ಸ್ಥಾನದಲ್ಲಿ ಒಂದೇ ಕಡ್ಡಿ ಹೋಗಿದ್ದರೆ ಆ ದೀಪವೇ ಸತ್ತಿದೆ. ಒಂದೇ ಸ್ಥಾನ ಪ್ರಖರವಾಗಿ ಉರಿಯುತ್ತ ಉಳಿದುವು ಆರಿದ್ದರೆ ಸರದಿಯೇ ನಿಂತಿದೆ. ಕೂಡಲೆ ವಿದ್ಯುತ್ತನ್ನು ತಪ್ಪಿಸಬೇಕು. ಉಪಕರಣವನ್ನು ಬಿಚ್ಚದೆಯೇ ಇಷ್ಟನ್ನು ಹೇಳಬಲ್ಲವನು ಸಿದ್ಧ ಹಲಗೆಯನ್ನು ಮಾತ್ರ ಕಂಡವನಲ್ಲ.

ಆದುದರಿಂದ ನಮ್ಮ ಸೂಚನೆ ಇಷ್ಟು. ಪ್ರಯೋಗಶಾಲೆಯಲ್ಲಿ ಈ ವಿಷಯಕ್ಕೆ ಮೂರು ಅವಧಿಗಳನ್ನು ಕೊಡಬೇಕು. ಮೊದಲನೆಯ ಅವಧಿಯಲ್ಲಿ ಒಂದೇ ಸ್ಥಾನ, ಏಳು ಸ್ವಿಚ್ಚುಗಳು, ಏಳು ರೋಧಕಗಳು. ಹತ್ತು ಅಂಕಿಗಳನ್ನೂ ಕೈಯಿಂದಲೇ ಬರೆಯಬೇಕು. ಅನಂತರ ಒಂದೊಂದೇ ತಂತಿಯನ್ನು ಕಿತ್ತು, ಮೇಲೆ ಹೇಳಿದ ಏಳು ಮೌನದೋಷಗಳನ್ನು ತಾವೇ ಕಂಡುಹಿಡಿಯಬೇಕು. ಎರಡನೆಯ ಅವಧಿಯಲ್ಲಿ ನಾಲ್ಕು ಸ್ಥಾನಗಳು, ನಾಲ್ಕು ಟ್ರಾನ್ಸಿಸ್ಟರುಗಳು, ತಾವೇ ಬರೆದ ಪ್ರೋಗ್ರಾಮು. ಸರದಿಯನ್ನು ಒಂದು ಸ್ಥಾನಕ್ಕೆ ಒಂದು ಸೆಕೆಂಡಿನಂತೆ ಆರಂಭಿಸಬೇಕು. ಅಂಕಿಗಳು ಒಂದಾದಮೇಲೊಂದು ನಡೆದುಹೋಗುವುದು ಆಗ ಎಲ್ಲರಿಗೂ ಕಾಣುತ್ತದೆ. ಮೆಲ್ಲಮೆಲ್ಲನೆ ವೇಗವನ್ನು ಹೆಚ್ಚಿಸುತ್ತ, ಮಿಣುಕು ಯಾವ ವೇಗದಲ್ಲಿ ಮರೆಯಾಯಿತೆಂಬುದನ್ನು ಪ್ರತಿಯೊಬ್ಬನೂ ತನ್ನ ಪುಸ್ತಕದಲ್ಲಿ ಗುರುತಿಸಿಕೊಳ್ಳಬೇಕು. ಕೋಣೆಯ ದೀಪವನ್ನು ಆರಿಸಿ ಒಮ್ಮೆ, ಹೊತ್ತಿಸಿ ಒಮ್ಮೆ ಅಳೆಯಬೇಕು. ಸಹಪಾಠಿಗಳ ಅಂಕಿಗಳು ಒಂದಕ್ಕೊಂದು ಸರಿಹೊಂದದಿದ್ದರೆ ಅದು ತಪ್ಪಲ್ಲ. ಅಳೆಯುತ್ತಿರುವುದು ಅವರವರ ಕಣ್ಣನ್ನೇ. ಮೂರನೆಯ ಅವಧಿಯಲ್ಲಿ ಚಿಪ್ಪು ಬರಲಿ. ಅದಕ್ಕೆ ಕಳುಹಿಸುವ 16 ಬಿಟ್ಟುಗಳನ್ನು ವಿದ್ಯಾರ್ಥಿ ಕಾಗದದ ಮೇಲೆ ಬರೆದು, ಒಂದೊಂದಾಗಿ ನಿಧಾನವಾಗಿ ಕಳುಹಿಸಲಿ. ಹದಿನಾರನೆಯ ಬಿಟ್ಟಾದ ಮೇಲೆ ಮುಕ್ತಾಯದ ಗುರುತು ಕೊಟ್ಟೊಡನೆ ಅಂಕಿ ಮೂಡಿದಾಗ, ಚಿಪ್ಪು ಯಾವ ಯಾವ ಹೊಣೆಗಳನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡಿತೆಂಬುದು ಅವನಿಗೆ ತಾನಾಗಿ ತಿಳಿಯುತ್ತದೆ. ಅನಂತರ ಸಿದ್ಧ ಪ್ರೋಗ್ರಾಮುಗಳನ್ನು ಅವನು ಧಾರಾಳವಾಗಿ ಬಳಸಬಹುದು.

ಇದಕ್ಕೆ ತಗಲುವ ವೆಚ್ಚ ಅಲ್ಪ. ಸಾಮಗ್ರಿ ಯಾವ ಕಾಲೇಜಿನ ಕಪಾಟಿನಲ್ಲಿಯಾದರೂ ಇರುವಂತಹುದು. ಪರೀಕ್ಷಕರಾದವರು ಒಂದು ಸಣ್ಣ ಬದಲಾವಣೆಯನ್ನು ಮಾಡಿಕೊಂಡರೆ ಸಾಕು. ಹೊಳೆಯುವ ಅಂಕಿಗಳನ್ನು ಕಂಡು ತೃಪ್ತರಾಗದೆ, ವಿದ್ಯಾರ್ಥಿ ಬೇರೆಡೆ ನೋಡುತ್ತಿರುವಾಗ ಒಂದು ತಂತಿಯನ್ನು ಸಡಿಲಿಸಿ, ಏನಾಯಿತೆಂದು ಕೇಳಬೇಕು. ಹೆಚ್ಚಿನ ಅಂಕಗಳು ಆ ಉತ್ತರಕ್ಕೆ ಸಲ್ಲಬೇಕು.

ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆ ಪ್ರಯೋಗಶಾಲೆಯ ಸೌಲಭ್ಯವಿಲ್ಲದಿದ್ದರೆ ಮನೆಯಲ್ಲಿಯೇ ಮಾಡಬಹುದಾದುದು ಒಂದಿದೆ. ಮನೆಯಲ್ಲಿರುವ ತಕ್ಕಡಿ, ಜ್ವರಮಾಪಕ, ಆಕ್ಸಿಮೀಟರುಗಳನ್ನು ಒಂದೊಂದಾಗಿ ಚಾಲೂ ಮಾಡಿ, ಮೊದಲ ಗಳಿಗೆಯಲ್ಲಿ ಎಲ್ಲ 8ಗಳೂ ಬರುತ್ತವೆಯೆ, ಬಂದರೆ ಪ್ರತಿ 8ರಲ್ಲಿಯೂ ಏಳು ಕಡ್ಡಿಗಳಿವೆಯೆ ಎಂದು ಎಣಿಸಿ ನೋಡಿರಿ. ಎಂಟುಗಳನ್ನು ತೋರಿಸದ ಯಂತ್ರವಾದರೆ, ಬೇರೆ ಬೇರೆ ಅಂಕಿಗಳು ಬರುವಂತೆ ಮಾಡಿ ಪ್ರತಿ ಸ್ಥಾನದ ಏಳು ಕಡ್ಡಿಗಳೂ ಎಂದಾದರೂ ಉರಿದುವೆ ಎಂದು ಗುರುತುಹಾಕಿಕೊಳ್ಳಿರಿ. ರೋಗಿಯ ಸ್ಥಿತಿಗೂ ಯಂತ್ರದ ಅಂಕಿಗೂ ತಾಳೆಯಾಗದಿದ್ದರೆ ರೋಗಿಯನ್ನೇ ನಂಬಿ ವೈದ್ಯರಲ್ಲಿಗೆ ಹೋಗಿರಿ. ಅಂಕಿ ಹೊಳೆಯುತ್ತದೆಂಬುದು ಅದು ಸತ್ಯವೆಂಬುದಕ್ಕೆ ಪ್ರಮಾಣವಲ್ಲ. ಆ ಪ್ರಮಾಣವನ್ನು ಕೇಳುವ ಅಭ್ಯಾಸವನ್ನೇ ನಾವು ವಿಜ್ಞಾನವೆಂದು ಕರೆಯುತ್ತೇವೆ. ಅದನ್ನು ಕಲಿಸುವುದಕ್ಕೆ ಏಳು ಕಡ್ಡಿಗಳು ಸಾಕು.